ಆಮೆಯ ಬಟ್ಟಲಿಗೆ ಒಣ ಸಿಗಡಿ: ಎಷ್ಟು ಹಿತ, ಎಷ್ಟು ಮಿತ?

ಅಕ್ವೇರಿಯಂ ಅಂಗಡಿಯಿಂದ ಆಮೆಮರಿ ತಂದ ಮನೆಗಳಲ್ಲಿ ಎರಡು ವಸ್ತುಗಳು ತಪ್ಪದೆ ಕಾಣಸಿಗುತ್ತವೆ. ಒಂದು, ನಡುವೆ ಪ್ಲಾಸ್ಟಿಕ್ ತೆಂಗಿನಮರವಿರುವ ಪುಟ್ಟ ತೊಟ್ಟಿ. ಇನ್ನೊಂದು, ಒಣ ಸಿಗಡಿ ತುಂಬಿದ ಡಬ್ಬಿ. ಆಮೆ ಬೆಳೆದಂತೆ ತೊಟ್ಟಿ ಸಾಲದೆ ಬರುವುದು ಕಣ್ಣಿಗೆ ಕಾಣುತ್ತದೆ, ಅದನ್ನು ಬದಲಾಯಿಸುತ್ತಾರೆ. ಡಬ್ಬಿಯ ಬಗ್ಗೆ ಮಾತ್ರ ಯಾರೂ ಯೋಚಿಸುವುದಿಲ್ಲ. ಖಾಲಿಯಾದರೆ ಅದೇ ಮತ್ತೆ ಬರುತ್ತದೆ. ಆಮೆ ಅಷ್ಟು ಆಸೆಯಿಂದ ತಿನ್ನುತ್ತಿದೆ ಅಂದಮೇಲೆ ಅದಕ್ಕೆ ಒಳ್ಳೆಯದೇ ಇರಬೇಕು ಎಂಬ ನಂಬಿಕೆ.

ಒಣ ಸಿಗಡಿ ಕೆಟ್ಟ ಪದಾರ್ಥವಲ್ಲ. ಅದನ್ನು ಪೂರ್ತಿ ನಿಲ್ಲಿಸಿ ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಆದರೆ ಆಮೆಯ ಪಾಲಿಗೆ ಅದು ಎಲೆಯ ತುದಿಗೆ ಬಡಿಸುವ ಹಪ್ಪಳವೇ ಹೊರತು ಊಟವಲ್ಲ. ಬರೀ ಹಪ್ಪಳದ ಮೇಲೆ ಬೆಳೆದ ಆಮೆಗೆ ಏನಾಗುತ್ತದೆ ಎಂಬುದು ಪಶುವೈದ್ಯರಿಗೆ ಚೆನ್ನಾಗಿ ಗೊತ್ತು. ಸಾಕಿದವರಿಗೆ ಗೊತ್ತಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.

ಮೊದಲು, ನಮ್ಮ ಮನೆಗಳಿಗೆ ಬಂದಿರುವ ಈ ಆಮೆ ಯಾವುದು ಎಂದು ನೋಡೋಣ. ಕಣ್ಣಿನ ಹಿಂದೆ ಕೆಂಪು ಪಟ್ಟೆ, ಹಸಿರು ಚಿಪ್ಪು, ಹೊಟ್ಟೆಯ ಕಡೆ ಹಳದಿಯ ಮೇಲೆ ಕಪ್ಪು ಚುಕ್ಕೆಗಳಿದ್ದರೆ ಅದು ರೆಡ್ ಇಯರ್ಡ್ ಸ್ಲೈಡರ್, ಅಂದರೆ ಕೆಂಪುಕಿವಿ ಆಮೆ. ಅಮೆರಿಕದ ಮಿಸಿಸಿಪ್ಪಿ ನದಿಯ ಕಣಿವೆ ಅದರ ತವರು. ಮೊಟ್ಟೆಯೊಡೆದು ಬಂದಾಗ ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಹೆಣ್ಣು ಪೂರ್ತಿ ಬೆಳೆದರೆ ಚಿಪ್ಪೇ 25 ಸೆಂಟಿಮೀಟರ್ ದಾಟುತ್ತದೆ. ಸರಿಯಾಗಿ ನೋಡಿಕೊಂಡರೆ ಮೂವತ್ತು ವರ್ಷ ಬದುಕುತ್ತದೆ. ನಾಲ್ಕನೇ ತರಗತಿಯ ಹುಡುಗಿಯ ಹುಟ್ಟುಹಬ್ಬಕ್ಕೆ ತಂದ ಮರಿ, ಆಕೆಗೆ ಮಕ್ಕಳಾದ ಮೇಲೂ ಇರಬಹುದು. ಅಷ್ಟು ದೀರ್ಘ ಬಾಳಿನ ಪ್ರಾಣಿಗೆ ಒಂದು ಡಬ್ಬಿಯ ಆಹಾರವೇ ಸಾಕೆಂದು ಅಂಗಡಿಯಲ್ಲಿ ಹೇಳಿದರೆ ನಾವು ಒಪ್ಪಿಕೊಂಡುಬಿಡುತ್ತೇವೆ.

ಈ ಆಮೆಯ ಊಟದ ರೀತಿ ವಯಸ್ಸಿನೊಂದಿಗೆ ಬದಲಾಗುತ್ತದೆ. ಮರಿಯಾಗಿದ್ದಾಗ ಅದು ಬಹುಮಟ್ಟಿಗೆ ಮಾಂಸಾಹಾರಿ. ನೀರಿನ ಹುಳ, ಗೊದಮೊಟ್ಟೆ, ಸಣ್ಣ ಮೀನು, ಬಸವನಹುಳು ಏನು ಸಿಕ್ಕರೂ ನುಂಗುತ್ತದೆ. ಬೆಳೆದಂತೆಲ್ಲ ಜಲಸಸ್ಯಗಳ ಕಡೆ ವಾಲುತ್ತದೆ. ಕ್ಲಾರ್ಕ್ ಮತ್ತು ಗಿಬ್ಬನ್ಸ್ ಎಂಬ ಅಮೆರಿಕದ ಸಂಶೋಧಕರು ಈ ಬದಲಾವಣೆಯನ್ನು 1969ರಲ್ಲೇ ದಾಖಲಿಸಿದ್ದರು. ಅಂದರೆ ಐದು ವರ್ಷದ ಆಮೆಗೆ ಮರಿಯ ಕಾಲದ ಸಿಗಡಿಯನ್ನೇ ದಿನಾ ಹಾಕುವುದೆಂದರೆ ಅದರ ಶರೀರ ಕೇಳುತ್ತಿರುವುದಕ್ಕೆ ತದ್ವಿರುದ್ಧವಾದದ್ದನ್ನು ಕೊಟ್ಟಂತೆ.

ಇನ್ನು ಸಿಗಡಿ. ಡಬ್ಬಿಯನ್ನೊಮ್ಮೆ ಬಿಳಿ ಕಾಗದದ ಮೇಲೆ ಸುರಿದು ನೋಡಿ. ಅದರಲ್ಲಿ ಹಲವು ಸಲ ಸಿಗಡಿಯೇ ಇರುವುದಿಲ್ಲ. ಬಿಲ್ಲಿನಂತೆ ಬಾಗಿದ, ಒಂದು ಸೆಂಟಿಮೀಟರ್ ಆಸುಪಾಸಿನ, ಬೂದುಗೆಂಪು ಬಣ್ಣದ ಹಗುರ ಜೀವಿ. ಬೆರಳಲ್ಲಿ ಹಿಚುಕಿದರೆ ಪುಡಿಯಾಗುತ್ತದೆ, ಒಳಗೆ ತಿರುಳೆಂಬುದು ಹೆಚ್ಚೇನೂ ಇಲ್ಲ. ಇದು ಗಾಮರಸ್. ಸಿಗಡಿಯ ದೂರದ ಸಂಬಂಧಿ. ಬಹುಪಾಲು ಹೊರಗವಚ, ಒಂದಿಷ್ಟು ಪ್ರೋಟೀನ್. ಕೆಲವು ಡಬ್ಬಿಗಳಲ್ಲಿ ನಿಜವಾದ ಪುಟ್ಟ ಸಿಗಡಿಯೇ ಇರುತ್ತದೆ, ತಲೆ, ಮೀಸೆ, ಕಾಲು ಎಲ್ಲ ಸಮೇತ.

ಕರಾವಳಿ ಮೂಲದವರ ಮನೆಯಲ್ಲಾದರೆ ಮೂರನೆಯ ದಾರಿಯೂ ಇದೆ, ಅಡುಗೆಮನೆಯ ಒಣ ಸಿಗಡಿ. ಕುಂದಾಪುರದ ಕಡೆಯವರಿಗೆ ಚಟ್ಲಿ, ತುಳುವರಿಗೆ ಎಟ್ಟಿ. ಜೂನ್ ಮತ್ತು ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹಾಗಾಗಿ ಏಪ್ರಿಲ್-ಮೇ ಬಿಸಿಲಲ್ಲಿ ಮರಳ ದಂಡೆಯ ಮೇಲೆ ಹರಡಿ ಒಣಗಿಸಿದ ಸಿಗಡಿ ಮಳೆಗಾಲದ ಚಟ್ನಿಗೆಂದು ಮನೆಮನೆಯ ಡಬ್ಬಿ ಸೇರುತ್ತದೆ. ಊರಿಂದ ಬೆಂಗಳೂರಿಗೆ ಬರುವ ಬಸ್ಸಿನಲ್ಲೂ ಅದರ ಒಂದು ಪೊಟ್ಟಣ ಇದ್ದೇ ಇರುತ್ತದೆ. ಅದನ್ನು ಆಮೆಗೆ ಕೊಡಬಹುದೇ? ಕೊಡಬಹುದು, ಉಪ್ಪು ಹಾಕದೆ ಒಣಗಿಸಿದ್ದಾದರೆ. ಮೊದಲು ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಉಪ್ಪು ಜೋರಾಗಿದ್ದರೆ ಚಟ್ನಿಗೇ ಇಟ್ಟುಕೊಳ್ಳಿ. ಕಡಲ ನೀರಿನಿಂದ ಬಂದದ್ದಾದ್ದರಿಂದ ಉಪ್ಪು ಹಾಕದಿದ್ದರೂ ಸ್ವಲ್ಪ ಉಪ್ಪಿನಂಶ ಇದ್ದೇ ಇರುತ್ತದೆ. ಸಿಹಿನೀರಿನ ಆಮೆಗೆ ಅದರ ಹೊರೆ ಬೇಡ. ಎರಡು ನೀರಲ್ಲಿ ತೊಳೆದು, ಅಡಿಯಲ್ಲಿ ಕೂರುವ ಮರಳನ್ನು ಚೆಲ್ಲಿ, ಹದಿನೈದು ಇಪ್ಪತ್ತು ನಿಮಿಷ ನೆನೆಸಿ, ಆ ನೀರನ್ನೂ ಸುರಿದುಬಿಡಿ. ತಲೆಯ ಮುಂದಿನ ಚೂಪು ಕೊಂಬನ್ನು ಮುರಿದು ತೆಗೆಯಿರಿ. ಹುರಿದದ್ದು, ಮಸಾಲೆ ಹಚ್ಚಿದ್ದು, ಮಳೆಗಾಲದಲ್ಲಿ ಬೂಸ್ಟು ಹಿಡಿದದ್ದು ಖಂಡಿತ ಬೇಡ.

ಸಿಗಡಿ ಕಂಡರೆ ಆಮೆಗೆ ಅಷ್ಟೊಂದು ಆಸೆ ಯಾಕೆ? ಕಾರಣ ವಾಸನೆ ಮತ್ತು ಬಣ್ಣ. ಆಮೆಗಳು ಬಣ್ಣಗಳನ್ನು ಚೆನ್ನಾಗಿ ಗುರುತಿಸುತ್ತವೆ, ನೀರಿನಲ್ಲಿ ವಾಸನೆಯನ್ನೂ ಹಿಡಿಯುತ್ತವೆ. ಒಣಗಿಸಿದ ಸಿಗಡಿಯ ವಾಸನೆ ಎಂಥದ್ದೆಂದು ನಮಗೇ ಗೊತ್ತಲ್ಲ. ಜೊತೆಗೆ ಅದು ನೀರಿನ ಮೇಲೆ ತೇಲುತ್ತದೆ, ಅಲುಗಾಡುತ್ತದೆ. ಆಮೆ ಕತ್ತು ಚಾಚಿ ಒಮ್ಮೆಲೇ ಕಚ್ಚಿ, ಮುಂಗಾಲಿನ ಉಗುರುಗಳಿಂದ ಎರಡೂ ಕಡೆ ಸೀಳಿ, ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಅದಕ್ಕೆ ನಮ್ಮಂತೆ ನಾಲಿಗೆ ಹೊರಳಿಸಿ ತುತ್ತು ನುಂಗಲು ಬರುವುದಿಲ್ಲ, ನುಂಗಲು ನೀರೇ ಬೇಕು. ಆದ್ದರಿಂದಲೇ ನೆಲದ ಮೇಲೆ ಬಿಟ್ಟು ಕೈಯಿಂದ ತಿನ್ನಿಸಲು ಹೋದರೆ ಅದು ಬಾಯಲ್ಲಿಟ್ಟುಕೊಂಡು ಒದ್ದಾಡುತ್ತದೆ.

ಈ ಆಸೆಯೇ ತೊಂದರೆಯ ಮೂಲ. ರುಚಿ ಕಂಡ ಆಮೆ ಬೇರೆಯದನ್ನು ಮೂಸಿಯೂ ನೋಡುವುದಿಲ್ಲ. ನನ್ನ ಸಂಬಂಧಿಕರ ಮನೆಯ ಹುಡುಗನೊಬ್ಬ ಒಮ್ಮೆ, "ಮಾಮಾ, ಇದು ಸಿಗಡಿ ಬಿಟ್ರೆ ಬೇರೆ ಏನೂ ತಿನ್ನಲ್ಲ, ಈಗ ಎರಡು ದಿನದಿಂದ ಅದನ್ನೂ ತಿಂತಿಲ್ಲ" ಎಂದು ತೊಟ್ಟಿಯನ್ನೇ ಎತ್ತಿಕೊಂಡು ಬಂದು ತೋರಿಸಿದ. ಆಮೆ ಕಲ್ಲಿನ ಮೇಲೆ ಕತ್ತು ಚಾಚಿ ಕೂತಿತ್ತು. ಎರಡೂ ಕಣ್ಣಿನ ರೆಪ್ಪೆಗಳು ಊದಿ, ಒಳಗೆ ಬಟಾಣಿ ಇಟ್ಟು ಮುಚ್ಚಿದ ಹಾಗೆ ಉಬ್ಬಿಕೊಂಡಿದ್ದವು. ರೆಪ್ಪೆಯ ಸಂದಿಯಲ್ಲಿ ಬಿಳಿಯ ಕೆನೆ. ಮುಂದೆ ಸಿಗಡಿ ತೇಲುತ್ತಿದ್ದರೂ ಅದಕ್ಕೆ ಕಾಣುತ್ತಿರಲಿಲ್ಲ. ಹಟ ಹಿಡಿದು ಊಟ ಬಿಟ್ಟದ್ದಲ್ಲ, ಕಣ್ಣು ತೆರೆಯಲಾಗದೆ ಬಿಟ್ಟದ್ದು.

ಅದು ವಿಟಮಿನ್ 'ಎ' ಕೊರತೆ. ಸಾಕಿದ ನೀರಾಮೆಗಳಲ್ಲಿ ಬಹಳ ಸಾಮಾನ್ಯವಾಗಿ ಕಾಣುವ ಕಾಯಿಲೆ. ಹಿನ್ನೆಲೆ ಹೀಗಿದೆ. ಕಾಡಿನ ಆಮೆ ಸಣ್ಣ ಮೀನು, ಗೊದಮೊಟ್ಟೆಗಳನ್ನು ಇಡಿಯಾಗಿ, ಯಕೃತ್ತಿನ ಸಮೇತ ತಿನ್ನುತ್ತದೆ. ವಿಟಮಿನ್ 'ಎ' ಸಂಗ್ರಹವಾಗುವುದು ಯಕೃತ್ತಿನಲ್ಲೇ. ಹಸಿರು ಜಲಸಸ್ಯಗಳಿಂದ ಕೆರೋಟಿನ್ ಕೂಡ ಸಿಗುತ್ತದೆ. ಒಣ ಸಿಗಡಿಯಲ್ಲಿ ಈ ವಿಟಮಿನ್ ಇರುವುದೇ ಅತ್ಯಲ್ಪ. ಬಿಸಿಲು, ಗಾಳಿ, ತಿಂಗಳುಗಟ್ಟಲೆ ಡಬ್ಬಿಯ ವಾಸ ಸೇರಿ ಆ ಅತ್ಯಲ್ಪವನ್ನೂ ಕರಗಿಸುತ್ತವೆ. ಮೊಟ್ಟೆಯ ಹಳದಿಯಿಂದ ಮರಿಗೆ ಬಂದ ದಾಸ್ತಾನು ಕೆಲವು ತಿಂಗಳು ಕಾಪಾಡುತ್ತದೆ. ಅದಕ್ಕೇ ಮೊದಮೊದಲು ಎಲ್ಲ ಸರಿಯಿದೆ ಎನ್ನಿಸುವುದು. ದಾಸ್ತಾನು ಮುಗಿದ ಮೇಲೆ, ದೇಹದ ಒಳಮೈಗೆ ಮೃದು ಹೊದಿಕೆಯಾಗಿರುವ ಜೀವಕೋಶಗಳು ಒರಟಾಗಿ, ಪದರ ಪದರವಾಗಿ ಉದುರಲು ಶುರುವಾಗುತ್ತವೆ. ಕಣ್ಣೀರಿನ ಗ್ರಂಥಿಯ ನಾಳಗಳು ಕಟ್ಟಿಕೊಳ್ಳುತ್ತವೆ. ಉದುರಿದ ಕಸ ರೆಪ್ಪೆಯೊಳಗೆ ಗಡ್ಡೆಕಟ್ಟುತ್ತದೆ. ಅದೇ ಬದಲಾವಣೆ ಮೂಗು, ಶ್ವಾಸನಾಳ, ಮೂತ್ರಪಿಂಡಗಳಲ್ಲೂ ಆಗುತ್ತಿರುತ್ತದೆ. ಕಣ್ಣು ನಮಗೆ ಕಾಣುವ ಜಾಗವಾದ್ದರಿಂದ ಅಲ್ಲಿ ಮೊದಲು ಗೊತ್ತಾಗುತ್ತದೆ, ಅಷ್ಟೇ.

ಕಿವಿಯಲ್ಲಿ ಕೀವು ಕಟ್ಟುವುದು ಇದರ ಇನ್ನೊಂದು ಮುಖ. ಕಣ್ಣಿನ ಹಿಂದೆ, ಸರಿಯಾಗಿ ಆ ಕೆಂಪು ಪಟ್ಟೆ ಇರುವಲ್ಲಿ, ಒಂದು ಬದಿಗೋ ಎರಡೂ ಬದಿಗೋ ಉಂಡೆಯಂತೆ ಊದಿಕೊಳ್ಳುತ್ತದೆ. ಸರೀಸೃಪಗಳ ಕೀವು ನಮ್ಮದರಂತೆ ತೆಳುವಾಗಿ ಹರಿಯುವುದಿಲ್ಲ, ಗಿಣ್ಣಿನಂತೆ ಗಟ್ಟಿಯಾಗಿರುತ್ತದೆ. ಮಾತ್ರೆಗೆ ಕರಗದು. ಅರಿವಳಿಕೆ ಕೊಟ್ಟು, ಕುಯ್ದು ತೆಗೆಯಬೇಕು.

ಇಷ್ಟು ಓದಿದವರಿಗೆ 'ಹಾಗಾದರೆ ವಿಟಮಿನ್ ಹನಿ ತಂದು ಹಾಕಿಬಿಡೋಣ' ಎನ್ನಿಸಬಹುದು. ದಯವಿಟ್ಟು ಬೇಡ. ವಿಟಮಿನ್ 'ಎ' ಹೆಚ್ಚಾದರೂ ವಿಷವೇ. ಲೆಕ್ಕ ತಪ್ಪಿದ ಇಂಜೆಕ್ಷನ್ನಿನಿಂದ ಆಮೆಯ ಚರ್ಮ ಸುಲಿದು ಹಸಿ ಮಾಂಸ ಕಾಣುವಂತಾಗುತ್ತದೆ. ಅದು ಕೊರತೆಗಿಂತ ಭೀಕರ. ಊದಿದ ಕಣ್ಣಿಗೆ ಮನುಷ್ಯರ ಕಣ್ಣಿನ ಔಷಧಿ ಬಿಡುವುದು, ಅರಿಸಿನ ಹಚ್ಚುವುದು ಇವೆಲ್ಲ ಹೊತ್ತು ಕಳೆಯುವ ದಾರಿಗಳು. ಸರೀಸೃಪಗಳನ್ನು ನೋಡಿ ಅನುಭವವಿರುವ ಪಶುವೈದ್ಯರ ಹತ್ತಿರವೇ ಹೋಗಬೇಕು.

ಎರಡನೆಯ ಪೆಟ್ಟು ಬೀಳುವುದು ಚಿಪ್ಪಿಗೆ. ಚಿಪ್ಪು ಆಮೆ ಹೊತ್ತು ತಿರುಗುವ ಮನೆಯಲ್ಲ, ಅದರ ಬೆನ್ನುಮೂಳೆ ಮತ್ತು ಪಕ್ಕೆಲುಬುಗಳೇ ಅಗಲವಾಗಿ ಬೆಸೆದುಕೊಂಡು ಆದದ್ದು. ಹೀಗಾಗಿ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಕಡಿಮೆಯಾದರೆ ಚಿಪ್ಪೇ ಮೆತ್ತಗಾಗುತ್ತದೆ, ಅಂಚು ಮೇಲಕ್ಕೆ ಮಡಿಚಿಕೊಳ್ಳುತ್ತದೆ. ಆಹಾರದಲ್ಲಿ ರಂಜಕ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಎರಡು ಪಾಲು ಇರುವುದು ಒಳ್ಳೆಯದು. ಸಿಪ್ಪೆ ಸುಲಿದ ಸಿಗಡಿ, ಮಾಂಸದ ತುಂಡುಗಳಲ್ಲಿ ಇದು ತಲೆಕೆಳಗು. ಸಿಪ್ಪೆ ಸಮೇತ ಸಿಗಡಿಯಲ್ಲಿ ಕ್ಯಾಲ್ಸಿಯಂ ಇದೆ, ನಿಜ. ಆದರೆ ಅದು ಮೂಳೆಗೆ ಸೇರಲು ವಿಟಮಿನ್ 'ಡಿ3' ಬೇಕು, ಅದು ತಯಾರಾಗಲು ಚರ್ಮದ ಮೇಲೆ ಬಿಸಿಲಿನ ನೇರಳಾತೀತ 'ಬಿ' (ಯುವಿಬಿ) ಕಿರಣ ಬೀಳಬೇಕು. ಕಿಟಕಿಯ ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ಹಾಲ್‌ನ ಕಿಟಕಿಯ ಪಕ್ಕ ಬೆಳಗಿನ ಬಿಸಿಲು ಬೀಳುವಲ್ಲಿ ತೊಟ್ಟಿ ಇಟ್ಟಿದ್ದೇವೆ ಎನ್ನುವವರು ಇದನ್ನು ಗಮನಿಸಬೇಕು. ಆಮೆಗೆ ಬೆಚ್ಚಗಾಗಬಹುದು, ವಿಟಮಿನ್ ಸಿಗದು.

ನಮ್ಮ ಭಾಗ್ಯಕ್ಕೆ ಇಲ್ಲಿ ಬಿಸಿಲಿಗೆ ಬರವಿಲ್ಲ. ಬೆಳಗಿನ ಎಳೆಬಿಸಿಲಲ್ಲಿ ಟೆರೇಸಿನ ಮೇಲೆ ಅಗಲವಾದ ಟಬ್ಬಿನಲ್ಲಿ ಅರ್ಧ ಗಂಟೆ ಬಿಡಿ. ಟಬ್ಬಿನ ಅರ್ಧ ಭಾಗಕ್ಕೆ ನೆರಳಿರಲಿ, ಇಲ್ಲದಿದ್ದರೆ ನೀರು ಕಾದು ಆಮೆ ಬೇಯುತ್ತದೆ. ಮೇಲೊಂದು ಜಾಲರಿ ಮುಚ್ಚಿ ಹತ್ತಿರವೇ ಇರಿ. ಹದ್ದು, ಕಾಗೆಗಳಿಗೆ ಆಮೆಮರಿ ಸುಲಭದ ತುತ್ತು. ಮಳೆಗಾಲದಲ್ಲಿ ಬೇಕಾದರೆ ಯುವಿಬಿ ದೀಪ ಹಾಕಬಹುದು. ಆ ದೀಪ ಉರಿಯುತ್ತಿದ್ದರೂ ಹೆಚ್ಚೆಂದರೆ ಒಂದು ವರ್ಷಕ್ಕೆ ಅದರ ಕಿರಣದ ಶಕ್ತಿ ಕುಂದಿರುತ್ತದೆ, ಬದಲಾಯಿಸಬೇಕು.

ಹಾಗಾದರೆ ಬಟ್ಟಲಿಗೆ ಏನು ಬೀಳಬೇಕು? ಒಳ್ಳೆಯ ಗುಣಮಟ್ಟದ ಆಮೆ ಪೆಲೆಟ್ ಬುನಾದಿಯಾಗಿರಲಿ. ಮರಿಗೆ ದಿನಕ್ಕೊಮ್ಮೆ, ಬೆಳೆದದ್ದಕ್ಕೆ ಎರಡು ಮೂರು ದಿನಕ್ಕೊಮ್ಮೆ. ಆಮೆಯ ತಲೆಯಷ್ಟು ಗಾತ್ರದ ಆಹಾರ ಒಂದು ಹೊತ್ತಿಗೆ ಸಾಕು. ಸೊಪ್ಪು ಯಾವಾಗಲೂ ನೀರಲ್ಲಿ ತೇಲುತ್ತಿರಲಿ. ನಮ್ಮಲ್ಲಿ ಹೈನುಗಾರರು ದನಗಳಿಗೆಂದು ಬೆಳೆಸುವ ಅಜೋಲ್ಲಾ ಇದಕ್ಕೆ ಬಹಳ ಒಳ್ಳೆಯದು, ಒಂದು ಹಿಡಿ ತಂದು ಬಕೆಟ್ಟಿನಲ್ಲಿ ಬಿಟ್ಟರೆ ತಾನೇ ಹಬ್ಬುತ್ತದೆ. ತುರಿದ ಗಜ್ಜರಿ, ಕುಂಬಳ, ಸಿಹಿಗೆಣಸು, ನುಗ್ಗೆಸೊಪ್ಪು ಕೊಡಬಹುದು. ಪಾಲಕ್ ಅಪರೂಪಕ್ಕಷ್ಟೇ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಔಷಧಿ ಸಿಂಪಡಿಸದ ತೋಟದ ಎರೆಹುಳು ಆಗಾಗ. ಕ್ಯಾಲ್ಸಿಯಂಗೆ ಕಪ್ಪೆಬೊಂಡಾಸಿನ ಬಿಳಿ ಮೂಳೆಯ ತುಂಡೊಂದನ್ನು ತೇಲಿಬಿಟ್ಟರೆ ಆಮೆ ತನಗೆ ಬೇಕಾದಾಗ ಕಡಿದುಕೊಳ್ಳುತ್ತದೆ. ಕಡಲ ದಂಡೆಯಲ್ಲಿ ಬಿದ್ದಿರುವ ಇದು ಗಂಧಿಗೆ ಅಂಗಡಿಯಲ್ಲಿ ಸಮುದ್ರನೊರೆ ಎಂದು ಸಿಗುತ್ತದೆ. ಅದರ ಬೆನ್ನಿನ ಗಟ್ಟಿ ಸಿಪ್ಪೆ ಕೆತ್ತಿ ತೆಗೆದಿರಬೇಕು.

ಇದೆಲ್ಲದರ ಜೊತೆ ಒಣ ಸಿಗಡಿ ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ, ಒಂದೆರಡು ಮಾತ್ರ. ಉಳಿದದ್ದನ್ನು ತಕ್ಷಣ ತೆಗೆಯಿರಿ. ಸಿಗಡಿ ಕೊಳೆತರೆ ನೀರಿನಲ್ಲಿ ಅಮೋನಿಯ ಏರುತ್ತದೆ, ಆಮೆಯ ಕಣ್ಣಿಗೆ ಮತ್ತೆ ಅದೇ ಉರಿ. ಒಣ ಸಿಗಡಿಯಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್ ಇರುತ್ತದೆ. ಬೆಳೆದ ಆಮೆಗೆ ಅದು ಅತಿಯಾದರೆ ಮೂತ್ರಪಿಂಡಕ್ಕೆ ಭಾರ.

ಸಿಗಡಿಯ ಚಟ ಹತ್ತಿದ ಆಮೆಯನ್ನು ಬಿಡಿಸಲು ಒಂದು ಉಪಾಯ ಇದೆ. ಸಿಗಡಿ ನೆನೆಸಿದ ನೀರಿನಲ್ಲಿ ಪೆಲೆಟ್ಟನ್ನು ಒಂದು ನಿಮಿಷ ಅದ್ದಿ ಹಾಕಿ. ವಾಸನೆಗೆ ಬಾಯಿ ಹಾಕುತ್ತದೆ. ದಿನ ಕಳೆದಂತೆ ಆ ನೀರನ್ನು ತೆಳುವಾಗಿಸುತ್ತ ಹೋಗಿ. ಬೆಳೆದ, ಆರೋಗ್ಯವಾಗಿರುವ ಆಮೆ ಕೆಲವು ದಿನ ಉಪವಾಸವಿದ್ದರೆ ಏನೂ ಆಗುವುದಿಲ್ಲ, ಅದರ ಹಟಕ್ಕೆ ನೀವು ಸೋಲಬೇಡಿ. ಮರಿ ಮತ್ತು ಕಾಯಿಲೆಯ ಆಮೆಗೆ ಮಾತ್ರ ಈ ಪಟ್ಟು ಸಲ್ಲದು. ಇನ್ನೊಂದು ಮಾತು. ಡಿಸೆಂಬರ್, ಜನವರಿಯ ಚಳಿಯಲ್ಲಿ ತೊಟ್ಟಿಯ ನೀರು ತಣ್ಣಗಾದರೆ ಆಮೆಯ ಹೊಟ್ಟೆಯೇ ನಿಧಾನವಾಗುತ್ತದೆ. ಆಗ ತಿನ್ನುತ್ತಿಲ್ಲವೆಂದು ಸಿಗಡಿ ತೋರಿಸಿ ಆಸೆ ಹುಟ್ಟಿಸುವುದು ತಪ್ಪು. ತಿಂದದ್ದು ಜೀರ್ಣವಾಗದೆ ಉಳಿಯುತ್ತದೆ. ನೀರನ್ನು 25 ಡಿಗ್ರಿ ಆಸುಪಾಸಿನಲ್ಲಿಡುವ ಹೀಟರ್ ಹಾಕಿದರೆ ಹಸಿವು ತಾನಾಗಿ ಬರುತ್ತದೆ.

ಸಸ್ಯಾಹಾರಿ ಮನೆಗಳ ಕಷ್ಟ ಬೇರೆ. ಸಿಗಡಿಯ ವಾಸನೆ ಮನೆಯೊಳಗೆ ಬೇಡವೆಂದು ಅನ್ನ, ಬ್ರೆಡ್ಡು, ಚಪಾತಿಯ ಚೂರು ಹಾಕುತ್ತಾರೆ. ದೇವಸ್ಥಾನದ ಕಲ್ಯಾಣಿಯಲ್ಲಿ ಮಂಡಕ್ಕಿ ಎರಚಿ ಅಭ್ಯಾಸವಿರುವ ನಮಗೆ ಇದು ಸಹಜ ಅನ್ನಿಸುತ್ತದೆ. ಆದರೆ ಮರಿಗೆ ಪ್ರಾಣಿಜನ್ಯ ಪ್ರೋಟೀನ್ ಬೇಕೇ ಬೇಕು. ಪೆಲೆಟ್‌ನಲ್ಲೂ ಮೀನಿನ ಪುಡಿ ಇರುತ್ತದೆ. ಅದನ್ನೂ ಒಪ್ಪದ ಮನೆಯವರು ಈ ಆಮೆಯನ್ನು ಸಾಕದಿರುವುದೇ ಅದಕ್ಕೆ ಮಾಡುವ ಉಪಕಾರ. ನನ್ನ ಈ ಮಾತು ಕಠಿಣ ಅನ್ನಿಸಬಹುದು, ಆದರೆ ಪ್ರಾಣಿಯ ಹೊಟ್ಟೆ ನಮ್ಮ ಮನೆಯ ಆಚಾರ ನೋಡಿ ರೂಪುಗೊಂಡದ್ದಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ನೀರಾಮೆಗೆ. ನೆಲದ ಆಮೆಗೆ ಒಣ ಸಿಗಡಿಯನ್ನು ತೋರಿಸಲೂ ಬಾರದು. ಬೆನ್ನ ಮೇಲೆ ಹಳದಿ ನಕ್ಷತ್ರ ಮೂಡಿದಂತಿರುವ ನಕ್ಷತ್ರ ಆಮೆ ಹುಲ್ಲು, ಎಲೆ, ಹೂ ತಿಂದು ಬದುಕುವ ಪ್ರಾಣಿ. ಅದನ್ನು ಅದೃಷ್ಟಕ್ಕೆಂದು ಮನೆಯಲ್ಲಿಟ್ಟುಕೊಳ್ಳುವವರು ಇನ್ನೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. 2022ರ ತಿದ್ದುಪಡಿಯ ನಂತರ ನಕ್ಷತ್ರ ಆಮೆ ಕಾಯ್ದೆಯ ಮೊದಲನೆಯ ಪರಿಚ್ಛೇದದಲ್ಲಿದೆ. ನಮ್ಮ ಕೆರೆ, ಗದ್ದೆಗಳಲ್ಲಿ ಸಿಗುವ, ಕಾಲು ಒಳಗೆಳೆದುಕೊಂಡು ಚರ್ಮದ ಮಡಿಕೆಯಿಂದ ಮುಚ್ಚಿಕೊಳ್ಳುವ ಮೆದುಚಿಪ್ಪಿನ ಆಮೆಯೂ ಅದೇ ಪಟ್ಟಿಯಲ್ಲಿದೆ. ಮೂರರಿಂದ ಏಳು ವರ್ಷ ಜೈಲು ಶಿಕ್ಷೆ ಆಗಬಹುದು. ಅಂಥದ್ದು ನಿಮ್ಮ ಮನೆಯಲ್ಲಿದ್ದರೆ ಏನು ತಿನ್ನಿಸಬೇಕು ಎಂಬ ಪ್ರಶ್ನೆಯೇ ಏಳದು, ಅರಣ್ಯ ಇಲಾಖೆಗೆ ಒಪ್ಪಿಸಬೇಕು.

ಮಕ್ಕಳಿರುವ ಮನೆಗೆ ಒಂದು ಎಚ್ಚರಿಕೆ. ಆರೋಗ್ಯವಾಗಿರುವ ಆಮೆಯ ಮೈಮೇಲೂ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಇರಬಹುದು. ಮಕ್ಕಳಿಗೆ ಸೋಂಕು ತಗಲುತ್ತಿದೆ ಎಂದೇ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ತನ್ನಲ್ಲಿ ನಿಷೇಧಿಸಿತು. ಇಲ್ಲಿ ನಾವು ಕೊಳ್ಳುವುದೆಲ್ಲ ಅದಕ್ಕಿಂತ ಚಿಕ್ಕವೇ. ಸಿಗಡಿ ಹಾಕಿದ ಕೈಯನ್ನು ಸೋಪಿನಿಂದ ತೊಳೆಯಲಿ. ತೊಟ್ಟಿಯ ನೀರು ಅಡುಗೆಮನೆಯ ಸಿಂಕಿಗೆ ಹೋಗದಿರಲಿ.

ಕೊನೆಯದಾಗಿ, ಸಿಗಡಿ ಹಾಕಿ ಹಾಕಿ ಬೇಸತ್ತವರು, ಆಮೆ ದೊಡ್ಡದಾಯಿತೆಂದು ತೊಟ್ಟಿ ಸಾಲದೆ ಹೋದವರು ಹಿಡಿಯುವ ದಾರಿಯ ಬಗ್ಗೆ. ರಾತ್ರಿ ಹೊತ್ತು ಹತ್ತಿರದ ಕೆರೆಗೋ ಕಲ್ಯಾಣಿಗೋ ಬಿಟ್ಟು, ಪುಣ್ಯ ಬಂತೆಂದುಕೊಳ್ಳುತ್ತಾರೆ. ಕೆಂಪುಕಿವಿ ಆಮೆ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಯುರೋಪಿಯನ್ ಒಕ್ಕೂಟ 1997ರಲ್ಲೇ ಅದರ ಆಮದು ನಿಲ್ಲಿಸಿತು. ನೆರೆಯ ಕೇರಳದಲ್ಲಿ ಪೀಚಿಯ ಅರಣ್ಯ ಸಂಶೋಧನಾ ಸಂಸ್ಥೆ, ಸಾಕಿದ ಆಮೆಗಳನ್ನು ನೀರಿಗೆ ಬಿಡಬೇಡಿ, ನಮಗೆ ತಂದೊಪ್ಪಿಸಿ ಎಂದು ಜನರಿಗೆ ಕರೆ ಕೊಟ್ಟಿತ್ತು. ಬೆಂಗಳೂರಿನ ಕೆರೆಗಳಲ್ಲೂ ಇವು ಕಾಣಿಸಿಕೊಂಡಿವೆ. ನಮ್ಮ ಊರಿನ ಆಮೆಗಳು ಬಿಸಿಲಿಗೆ ಮೈಯೊಡ್ಡುವ ಬಂಡೆಯನ್ನೂ, ತಿನ್ನುವ ಸೊಪ್ಪನ್ನೂ ಇವು ಕಸಿದುಕೊಳ್ಳುತ್ತವೆ. ಸಾಕಲು ಆಗದಿದ್ದರೆ ಸಾಕಬಲ್ಲವರಿಗೆ ಕೊಡಿ, ಪ್ರಾಣಿರಕ್ಷಣಾ ಸಂಸ್ಥೆಗಳನ್ನು ಕೇಳಿ. ಕೆರೆಗೆ ಮಾತ್ರ ಬಿಡಬೇಡಿ.

ನಿಮ್ಮ ಮನೆಯಲ್ಲಿ ಆಮೆ ಇದ್ದರೆ ಇವತ್ತು ಹಗಲು ಬೆಳಕಿನಲ್ಲಿ ಅದನ್ನೊಮ್ಮೆ ಕೈಗೆತ್ತಿಕೊಂಡು ನೋಡಿ. ಎರಡೂ ಕಣ್ಣು ಸ್ವಚ್ಛವಾಗಿ ತೆರೆದಿವೆಯೇ, ಕೆಂಪು ಪಟ್ಟೆಯ ಜಾಗ ಎರಡೂ ಬದಿಗೆ ಸಮವಾಗಿದೆಯೇ, ಚಿಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿ. ತೀರಾ ಎಳೆಯ ಮರಿಯ ಚಿಪ್ಪು ತುಸು ಬಾಗುವುದು ಸಹಜ, ವರ್ಷ ದಾಟಿದ್ದು ಬಾಗಬಾರದು. ಈ ಮೂರರಲ್ಲಿ ಒಂದು ಸರಿಯಿಲ್ಲವೆನಿಸಿದರೂ ಸಿಗಡಿಯ ಡಬ್ಬಿಯನ್ನು ಪಕ್ಕಕ್ಕಿಟ್ಟು, ತಡಮಾಡದೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.